ಹಳ್ಳದಲ್ಲಿ ಸಿಕ್ಕ ದವಡೆ

ಗುರುವಾರ, ಊಟ ಆದಮೇಲೆ

ಮನೆ ಯಜಮಾನ್ತಿಗೆ,

ಗಾಬರಿ ಆಗ್ಬೇಡ. ಬೆಳಿಗ್ಗೆ ಕಾಲು ಮುರೀತು. ಎರಡು ತುಂಡು. ಪಕ್ಕದ ಮನೆ ಬಡಗಿ ಬಂದು ನೋಡಿ, ಮೊಳೆ ಹೊಡೆದರೆ ನಿಲ್ಲುತ್ತೆ ಅಂದ.

ಸರಿ ಸರಿ, ಬ್ಯಾಗು ಕೆಳಗಿಡು. ಮುರಿದಿದ್ದು ಕುರ್ಚಿ ಕಾಲು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೀದೆ ಕೂತಿದ್ದು ತಪ್ಪೇ. ಮೊದಲು ಸ್ವಲ್ಪ ಹೆದರಿಸಿದರೆ ಬೈಗುಳ ಕಮ್ಮಿ ಆಗುತ್ತೆ ಅಂತ ಲೆಕ್ಕ ಹಾಕಿದೆ.

ಅಕ್ಕನ ಕಣ್ಣಿನ ಪಟ್ಟಿ ಬಿಚ್ಚಿದರಾ? ಚೆನ್ನಾಗಿ ಕಾಣ್ಲಿ. ಆದರೆ ನನ್ನ ಫೋಟೋ ತೋರಿಸ್ಬೇಡ. ಇಷ್ಟು ವರ್ಷ ಮಸುಕಾಗಿ ಕಂಡಿದ್ದಕ್ಕೇ ತಂಗಿಗೆ ಒಳ್ಳೇ ಗಂಡ ಸಿಕ್ಕ ಅಂದ್ಕೊಂಡಿದಾರೆ.

ಈಗ ನಿನಗೆ ಬೇಕಾದ ಸುದ್ದಿ. ನಿನ್ನ ಕಾಗದದಲ್ಲಿ ನನ್ನ ಕೆಮ್ಮಿಗೆ ಒಂದು ಸಾಲು, ಹಳ್ಳದಲ್ಲಿ ನಿನಗೆ ಸಿಕ್ಕ ಆ ದವಡೆ ಮೂಳೆಗೆ ಒಂದೂವರೆ ಪುಟ. ನೀನು ಭಾನುವಾರ ಭಾನುವಾರ ಪಾಠ ಕೇಳೋಕೆ ಹೋಗ್ತೀಯಲ್ಲ, ಆ ಮ್ಯೂಸಿಯಂನ ಮೂಳೆ ಮೇಷ್ಟ್ರು ದಿನಾ ಬರ್ತಾರೆ. ಮನೆ ಹಿಂದಿನ ಹಳ್ಳಕ್ಕಿಳಿದು, ಎಳೇ ಮಗೂನ ತಲೆ ಬಾಚೋ ಹಾಗೆ ದಂಡೆ ಮಣ್ಣು ಕೆರೀತಾರೆ. ಆಮೇಲೆ ನಮ್ಮ ನಲ್ಲೀಲಿ ಕೈ ತೊಳೀತಾ ನಿನ್ನ ಹೊಗಳೋಕೆ ಶುರು. ಅಮ್ಮನವರ ಕಣ್ಣು ಎಂಥಾ ಕಣ್ಣು, ಕಲ್ಲಿನ ರಾಶೀಲಿ ಹಲ್ಲು ಕಂಡುಹಿಡಿದ ಕಣ್ಣು. ಅದೇ ಕಣ್ಣು ನನ್ನನ್ನೂ ಆರಿಸಿತ್ತು ಅಂತ ಜ್ಞಾಪಿಸಿದೆ. ಪಾಪ, ಮಾತು ಬದಲಾಯಿಸಿದರು.

ನಾನು ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸಿ ಬದುಕಿದೋನು, ಅವರು ಮೂಳೆ ಜೋಡಿಸಿ. ಒಂದಕ್ಷರಕ್ಕೆ ಎಷ್ಟು ಮರ್ಯಾದೆ ನೋಡು.

ಅವರನ್ನ ಬೇಸ್ತು ಬೀಳಿಸೋಣ ಅಂತ ನನ್ನ ಹಳೇ ಕಟ್ಟಿಸಿದ ಹಲ್ಲಿನ ಸೆಟ್ಟಿಂದ ಒಂದು ಕಿತ್ತು, ಕೆಸರು ಮೆತ್ತಿ ಕೊಟ್ಟೆ. ಯಾವ ಪ್ರಾಣಿದು ಅಂದೆ. ಹಳೇ ಮೂಳೆ ಆದರೆ ನಾಲಿಗೆಗೆ ಅಂಟುತ್ತೆ ಅಂತ ನಿನಗೆ ಕಲಿಸಿದೋರು ತಾನೇ, ಇದನ್ನೂ ನೆಕ್ಕಲಿ ಅಂತ ಕಾದೆ. ನೆಕ್ಕಲಿಲ್ಲ. ಬೆಳಕಿಗೆ ಹಿಡಿದು, "ಇದು ತುಂಬ ಮಾತಾಡೋ ಪ್ರಾಣಿ ಸಾರ್. ಇನ್ನೂ ಅಳಿದಿಲ್ಲ" ಅಂದರು.

ನಗು ಬಂತು ಕಣೆ. ಅದೇ ನನಗೆ ತಡೆಯೋಕೆ ಆಗದೇ ಇದ್ದಿದ್ದು. ತಮಾಷೆನಾದರೂ ನನ್ನ ಪಾಲಿಗೆ ಬಿಡಬಾರದಾ?

ಇನ್ನು ಕೆಟ್ಟ ಸುದ್ದಿ. ನಿನ್ನ ದವಡೆ ಈಗ ಭೂಮಿ ಮೇಲೇ ಇಲ್ಲದ ಪ್ರಾಣಿದಿರಬಹುದು, ಆದರೆ ಒಂದೇ ಚೂರು ಸಾಲದು, ಅದೇ ಜಾಗದ ಮಣ್ಣಲ್ಲಿ ಇನ್ನೊಂದು ಸಿಗಬೇಕು ಅಂತ ಮೇಷ್ಟ್ರು ಅಂದಿದ್ದರಲ್ಲ. ಸಿಕ್ಕರೆ ಗಾಜಿನ ಪೆಟ್ಟಿಗೆ, ಕೆಳಗೆ ನಿನ್ನ ಹೆಸರು. ನೀನು ಅವಸರದಲ್ಲಿ ಹೊರಟೆ, ಜಾಗಕ್ಕೆ ಗುರುತಾಗಿ ಮರದ ಬೇರಿಗೆ ಕೆಂಪು ಬಟ್ಟೆ ಕಟ್ಟಿದೀನಿ ಅಂತ ಹೇಳಿ ಹೋದೆ. ಆ ಬಟ್ಟೆ ಸುತ್ತ ಅಷ್ಟೂ ಅಗೆದಾಯ್ತು. ಸಿಕ್ಕಿದ್ದು ಒಂದು ಚಪ್ಪಲಿ. ನಿನ್ನೆ ಮೇಷ್ಟ್ರು ಟೋಪಿ ತೆಗೆದು ಮೆಟ್ಟಿಲ ಮೇಲೆ ಕೂತುಬಿಟ್ಟರು. ದವಡೆ ಎಲ್ಲಿಂದಲೋ ನೀರಲ್ಲಿ ಕೊಚ್ಚಿಕೊಂಡು ಬಂದಿದ್ದು ಅಂತ ಮುಂದಿನ ವಾರ ಬರೆದು ಮುಗಿಸಿಬಿಡ್ತಾರಂತೆ. "ಅಮ್ಮನವರಿಗೆ ಹೇಗೆ ಹೇಳ್ಲಿ ಸಾರ್?" ಅಂದರು.

ನನಗೆ ಖುಷಿ ಆಗಬೇಕಿತ್ತು. ಆಯ್ತು ಕೂಡ, ಒಂದು ಲೋಟ ಟೀ ಮುಗಿಯೋವರೆಗೆ.

ಅಕ್ಕನಿಗೆ ನಮಸ್ಕಾರ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ನೂರು ವರ್ಷ ಚೆನ್ನಾಗಿರು. ನನ್ನನ್ನೂ ಜೊತೆಗೆ ಇಟ್ಕೋ.

ನಿನ್ನ,
ಮನೆ ಕಾಯೋನು

ಇನ್ನೊಂದು ಮಾತು: ದವಡೆ ಸಿಕ್ಕ ದಿನ ನಾನು ಹಿಂದಿನ ಬಾಗಿಲಲ್ಲೇ ಕೂತಿದ್ದೆ. ನೀನು ಮೊಣಕಾಲವರೆಗೂ ಕೆಸರು ಮಾಡ್ಕೊಂಡು ಓಡಿ ಬಂದೆ. ಉದುರಿದ ಗುಂಡಿ ಸಿಕ್ಕರೂ ಮೊದಲು ನನಗೆ ತೋರಿಸೋಳು ನೀನು. ಏನೋ ತೋರಿಸ್ತೀಯ ಅಂತ ಕನ್ನಡಕ ಹಾಕ್ಕೊಂಡೆ. ನೀನು ಅದನ್ನ ಟವೆಲಲ್ಲಿ ಸುತ್ತಿ, ನನ್ನನ್ನ ದಾಟಿ ಹೋಗಿ ಮ್ಯೂಸಿಯಂ ಬಸ್ಸು ಹತ್ತಿದೆ. ನನಗೆ ಗೊತ್ತಾಗಿದ್ದು ಸಂಜೆ ನೀನು ವಾಪಸ್ ಬಂದಮೇಲೆ, ಅದೂ ಮೇಷ್ಟ್ರು ಹೇಳಿದ ಮಾತಲ್ಲೇ.

ನೀನು ಹೊರಟ ಮಾರನೇ ದಿನ ಕೆಂಪು ಬಟ್ಟೆ ಬಿಚ್ಚಿ, ಹಳ್ಳದ ಕೆಳಗಿನ ತಿರುವಲ್ಲಿ ಇನ್ನೊಂದು ಮರದ ಬೇರಿಗೆ ಕಟ್ಟಿದೋನು ನಾನೇ. ಮೇಷ್ಟ್ರಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ ಹೇಳ್ತಿದೀನಿ.