ಪೋಚುತ್ಲಾದಲ್ಲಿ ತೆಗೆದ ಹಣ

ಸಾನ್ ಹಸಿಂತೊ, ಮೆಕ್ಸಿಕೊ
ಫೆಬ್ರವರಿ ೨೦, ೨೦೧೮

ಪ್ರೀತಿಯ ಲಾಯ್ಡ್,

‘ಪ್ರೀತಿಯ’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದೆ. ಮನೆ ಬಿಟ್ಟು ಬಂದವಳಿಗೆ ಆ ಮಾತು ಒಪ್ಪುತ್ತದೋ ಇಲ್ಲವೋ ನೀನೇ ನೋಡಿಕೋ. ಅಂಗಳದಲ್ಲಿ ಹಿಮ ಎತ್ತುತ್ತಿದ್ದರೆ ಸಲಿಕೆ ಅಲ್ಲೇ ಬಿಟ್ಟು ಒಳಗೆ ಬಾ. ಬೂಟು ಬಿಚ್ಚಿ, ಅಡುಗೆಮನೆಯ ಮೇಜಿನ ಹತ್ತಿರ ಕುಳಿತು ಓದು. ಇದು ನಿಂತುಕೊಂಡು ಓದುವ ಕಾಗದವಲ್ಲ.

ನಾನು ಕೆನೋರಾದಲ್ಲಿ ತಂಗಿ ಆರ್ಲೀನಳ ಮನೆಯಲ್ಲಿಲ್ಲ. ಹೊಸ ವರ್ಷ ಕಳೆಯುತ್ತಲೇ ಮೆಕ್ಸಿಕೊಕ್ಕೆ ಬಂದೆ. ನಿನಗೆ ಹೇಳಕೂಡದೆಂದು ತಂಗಿಯಿಂದ ಆಣೆ ಹಾಕಿಸಿಕೊಂಡಿದ್ದೆ, ಅವಳ ಮೇಲೆ ರೇಗಬೇಡ. ಪಾಪ, ನೀನು ಫೋನು ಮಾಡಿದಾಗಲೆಲ್ಲ ನಾನು ಸ್ನಾನಕ್ಕೆ ಹೋಗಿದ್ದೇನೆ ಎಂದು ಸುಳ್ಳು ಹೇಳಿ ಹೇಳಿ ಅವಳಿಗೆ ಸಾಕಾಗಿದೆ. ಇಷ್ಟು ಸ್ನಾನ ಮಾಡುವ ಹೆಂಗಸು ಎಲ್ಲಿಯಾದರೂ ಇದ್ದಾಳೆಯೇ ಎಂದು ನಿನಗೂ ಅನ್ನಿಸಲಿಲ್ಲವಲ್ಲ, ಭಲೆ.

ನೀನು ಫೋನಿನಲ್ಲಿ ಬಿಟ್ಟ ಸಂದೇಶಗಳನ್ನೆಲ್ಲ ಕೇಳಿದೆ. ಮೊದಲನೆಯದರಲ್ಲಿ ನಿನ್ನ ಉಸಿರು ಎಷ್ಟು ಏರಿತ್ತೆಂದರೆ ಮಾತು ತಿಳಿಯಲು ಎರಡು ಸಲ ಕೇಳಬೇಕಾಯಿತು.

“ಡೋರೀನ್, ಇದಾನೆ ಕಣೆ. ನಮ್ಮ ಕರ್ಟಿಸ್ ಬದುಕಿದಾನೆ. ಅವನ ಕಾರ್ಡಲ್ಲಿ ಹಣ ತೆಗೆದಿದಾರೆ, ಮೆಕ್ಸಿಕೊದಲ್ಲಿ, ಪೋಚುತ್ಲಾ ಅಂತೆ. ಯಾವನೋ ಕಳ್ಳ ಅಂತೀಯೇನೋ. ಅಲ್ಲ. ಅಲ್ಲಿಯ ಹಣಾನ ಡಾಲರಿಗೆ ತಿರುಗಿಸೋಕೆ ನಮ್ಮ ದರಕ್ಕೆ ಒಪ್ಪಿಗೆಯೇ ಅಂತ ಆ ಮಿಷನ್ನು ಕೇಳತ್ತಲ್ಲ, ಸುಲಿಗೆ ಅದು, ಅದಕ್ಕೆ ಬೇಡ ಅಂತ ಒತ್ತಿದಾನೆ. ಲೆಕ್ಕ ನೋಡಿದ್ರೆ ಗೊತ್ತಾಗತ್ತೆ, ನಮ್ಮೂರಿನ ಬ್ಯಾಂಕಿನ ದರವೇ ಬಿದ್ದಿದೆ. ಕಳ್ಳನಿಗೆ ಅದೆಲ್ಲ ಯಾಕೆ ಬೇಕು? ಇದು ನನ್ನ ಮಗನೇ.”

ಆಮೇಲಿನವುಗಳಲ್ಲಿ ನಿನ್ನ ದನಿ ಇಳಿದಿತ್ತು, ಆದರೆ ಸಂತೋಷ ಇಳಿದಿರಲಿಲ್ಲ. ಪಾಸ್‌ಪೋರ್ಟಿನ ಅವಧಿ ಮುಗಿದಿತ್ತು, ಹೊಸದಕ್ಕೆ ಅರ್ಜಿ ಹಾಕಿದ್ದೇನೆ ಎಂದೆ. ಹಬೆ ಸ್ನಾನದ ಸೌನಾ ಕೋಣೆ ತೊಳೆಸಿ ಹೊಸ ಸೌದೆ ಪೇರಿಸಿದ್ದೇನೆ ಎಂದೆ. ಪಕ್ಕದ ಮನೆಯವರಿಗೆಲ್ಲ ಗುಲಾಬಿ ಸಕ್ಕರೆ ಬಳಿದ ಪರ್ಷಿಯನ್ ಬನ್ನು ಹಂಚಿದೆಯಂತೆ. ಒಂದರಲ್ಲಂತೂ ಮಗನನ್ನು ಬೈದೂಬಿಟ್ಟೆ, ಶುಲ್ಕ ಜಾಸ್ತಿ ಹಿಡಿಯುವ ಆ ಬ್ಯಾಂಕಿಗೆ ಯಾಕೆ ಹೋದ, ಸಿಗಲಿ ಕೇಳುತ್ತೇನೆ ಎಂದು. ಕೇಳಿ ನಾನು ನಕ್ಕುಬಿಟ್ಟೆ. ನಗುತ್ತ ನಗುತ್ತಲೇ ಇಲ್ಲಿ ನಾನಿಳಿದ ಮನೆಯ ಹಿತ್ತಲಿಗೆ ಹೋಗಿ ಕುಳಿತೆ.

ಲಾಯ್ಡ್, ಆ ಹಣ ತೆಗೆದವಳು ನಾನು.

ಈಗ ನೀನು ಕಾಗದ ಮೇಜಿನ ಮೇಲಿಟ್ಟು ಕಿಟಕಿಯ ಹತ್ತಿರ ಹೋಗಿರುತ್ತೀಯ. ಹೋಗಿ ಬಾ. ಮಿಕ್ಕದ್ದನ್ನು ಮೊದಲಿನಿಂದ ಹೇಳುತ್ತೇನೆ, ನಿನಗೆ ಯಾವುದೂ ಹೆಚ್ಚು ಕಡಿಮೆ ಆಗಬಾರದು.

ಕರ್ಟಿಸ್ ದೇಶ ಸುತ್ತಲು ಹೊರಟ ದಿನ ನೀನು ಅವನನ್ನು ಕೂರಿಸಿಕೊಂಡು ಮಾಡಿದ ಉಪದೇಶ ನನಗೆ ಇನ್ನೂ ಬಾಯಿಗೆ ಬರುತ್ತದೆ. ಪದೇ ಪದೇ ತೆಗೆಯಬೇಡ, ತೆಗೆದಷ್ಟು ಸಲವೂ ಶುಲ್ಕ. ಒಂದೇ ಸಲ ದೊಡ್ಡದಾಗಿ ತೆಗೆ. ವಿಮಾನ ನಿಲ್ದಾಣದ ಎಟಿಎಂ ಮುಟ್ಟಬೇಡ. ಯಂತ್ರ ತನ್ನ ದರ ತೋರಿಸಿದರೆ ಬೇಡ ಎಂದು ಒತ್ತು. ಕಡಿಮೆ ಶುಲ್ಕದ ಬ್ಯಾಂಕು ಯಾವುದೆಂದು ವಿಚಾರಿಸಿ, ದೂರವಾದರೂ ಅಲ್ಲಿಗೇ ಹೋಗು. ಕಾರ್ಡು, ನಗದು, ಪಾಸ್‌ಪೋರ್ಟು ಎಲ್ಲ ಒಂದೇ ಕಡೆ ಇಡಬೇಡ. ಬಂದರಿನ ಧಾನ್ಯದ ಕಣಜದಲ್ಲಿ ಮೂವತ್ತು ವರ್ಷ ದೂಳು ಕುಡಿದು ದುಡಿದವನು ನೀನು, ಬ್ಯಾಂಕಿನವರಿಗೆ ಪುಕ್ಕಟೆ ಒಂದು ಡಾಲರ್ ಹೋದರೂ ನಿನ್ನ ಹೊಟ್ಟೆ ಉರಿಯುತ್ತಿತ್ತು. ಅವನು ತಲೆಯಾಡಿಸುತ್ತ ನನ್ನ ಕಡೆ ನೋಡಿ ಕಣ್ಣು ಹೊಡೆದ. ಆದರೆ ಒಂದನ್ನೂ ಮರೆಯಲಿಲ್ಲ.

ಫೋನು ಮಾಡುವ ಹುಡುಗನಲ್ಲ ಅವನು. ಹಣ ತೆಗೆದ ಸುದ್ದಿಯೇ ನಮಗೆ ಅವನ ಸಮಾಚಾರ. ಬೆಳಗ್ಗೆ ನೀನು, ನಮ್ಮಿಬ್ಬರ ಹೆಸರೂ ಇದ್ದ ಅವನ ಸಹಕಾರಿ ಬ್ಯಾಂಕಿನ ಖಾತೆಯ ಲೆಕ್ಕ ನೋಡಿ ಮಗ ಹಣ ತೆಗೆದಿದ್ದಾನೆ ಎಂದರೆ, ನಾನು ನಿನ್ನ ಬ್ರೆಡ್ಡಿಗೆ ಬೆಣ್ಣೆ ಸ್ವಲ್ಪ ಹೆಚ್ಚೇ ಹಚ್ಚುತ್ತಿದ್ದೆ. ಎರಡು ವರ್ಷದ ಹಿಂದೆ ಮೆಕ್ಸಿಕೊದ ಒಹಾಕ ನಗರದಲ್ಲಿ ದೊಡ್ಡ ಮೊತ್ತ ತೆಗೆದ ಮೇಲೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಇನ್ನೂ ಇರಬೇಕು, ಖರ್ಚಾಗಲಿ, ತೆಗೀತಾನೆ ಎಂದೆ ನೀನು. ನಾನೂ ಹೌದೆಂದೆ. ನಮಗೆ ಅನುಮಾನ ಬಂದು ದೂರು ಕೊಡುವ ಹೊತ್ತಿಗೆ ಬೇಸಿಗೆಯೇ ಮುಗಿದಿತ್ತು.

ದೂರು ಕೊಟ್ಟು ಬಂದ ದಿನ ಅಡುಗೆಮನೆಯಲ್ಲಿ ನಾನು ಏನೆಂದೆನೋ ನಿನಗೆ ಮರೆತಿರಲಾರದು. “ಮಗನಿಗೆ ಕಮಿಷನ್ ಉಳಿಸೋದು ಕಲಿಸಿದೆ, ಹೆತ್ತವರಿಗೆ ಒಂದು ಮಾತು ತಿಳಿಸೋದು ಕಲಿಸಲಿಲ್ಲ” ಎಂದೆ. ನೀನು ಒಂದು ತಟ್ಟೆಯನ್ನಾದರೂ ಎತ್ತಿ ಒಗೆದಿದ್ದರೆ ನಾನು ಉಳಿಯುತ್ತಿದ್ದೆನೇನೋ. ನೀನು ಹೊರಗೆ ಹೋಗಿ ಗ್ಯಾರೇಜಿನ ಬಾಗಿಲಿಗೆ ಎಣ್ಣೆ ಬಿಡುತ್ತ ನಿಂತೆ. ನಾನು ಪೆಟ್ಟಿಗೆ ಕಟ್ಟಿದೆ.

ಇಲ್ಲಿಯ ಪೊಲೀಸರು ಹುಡುಕಿದ್ದೆಲ್ಲ ಒಹಾಕದಲ್ಲಿ. ಹಣ ತೆಗೆದದ್ದು ಅಲ್ಲಿ, ಅಂದ ಮೇಲೆ ಇದ್ದದ್ದೂ ಅಲ್ಲೇ ಎಂದು ಅವರ ಎಣಿಕೆ. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ. ಈ ಚಳಿಗಾಲ ಆರ್ಲೀನಳ ಮನೆಯಲ್ಲಿ ಪಾತ್ರೆ ತೊಳೆಯುತ್ತ ನಿಂತಾಗ ನನಗೆ ಹೊಳೆಯಿತು. ಲಾಯ್ಡ್ ಹಾಕಲನ ಮಗ ತಾನಿರುವ ಊರಿನಲ್ಲಿ ಯಾಕೆ ಹಣ ತೆಗೆಯುತ್ತಾನೆ? ಶುಲ್ಕ ಕಡಿಮೆ ಎಂದು ಬೆಟ್ಟ ಹತ್ತಿ ಇಳಿದು, ದಿನವೆಲ್ಲ ಬಸ್ಸಿನಲ್ಲಿ ಕುಲುಕಿಕೊಂಡು, ಬಸ್ಸಿಗೆ ಶುಲ್ಕದ ಎರಡರಷ್ಟು ತೆತ್ತು ಹೋಗಿರುತ್ತಾನೆ. ನೀನು ಡೀಸೆಲ್ ಅಗ್ಗವೆಂದು ಗಡಿ ದಾಟಿ ಅಮೆರಿಕಕ್ಕೆ ಹೋಗಿ ಬರುತ್ತಿದ್ದೆಯಲ್ಲ, ಅದೇ ಬುದ್ಧಿ.

ಹಾಗಾಗಿ ಒಹಾಕದ ಬಸ್ ನಿಲ್ದಾಣದಿಂದ ಹೊರಡುವ ಒಂದೊಂದು ದಾರಿಯನ್ನೂ ಹಿಡಿದು ಹೋದೆ. ಅವನ ಫೋಟೋ ತೋರಿಸುತ್ತ ಹೋದೆ. ಬಹಳ ಜನ ತಲೆಯಲ್ಲಾಡಿಸಿದರು, ಕೆಲವರು ಜೋಳದ ರೊಟ್ಟಿ ತಿನ್ನಿಸಿ ಕಳಿಸಿದರು. ಕಾಲು ಊದಿಕೊಂಡಿತು. ಕೊನೆಗೆ ಸಮುದ್ರದ ದಂಡೆಯ ಈ ಪುಟ್ಟ ಊರಿನಲ್ಲಿ, ಮೀನು ಒಣಗಿಸುತ್ತಿದ್ದ ಒಬ್ಬ ಹೆಂಗಸು ಫೋಟೋ ಕೈಗೆ ತೆಗೆದುಕೊಂಡವಳು ವಾಪಸು ಕೊಡಲೇ ಇಲ್ಲ.

ಅವಳ ಹೆಸರು ಯೂಸ್ತೋಲಿಯಾ. ಪ್ರಾಯದಲ್ಲಿ ಅಮೆರಿಕದಲ್ಲಿ ಮನೆಗೆಲಸ ಮಾಡಿದವಳು, ನಮ್ಮ ಮಾತು ಚೆನ್ನಾಗಿ ಬರುತ್ತದೆ. ಕರ್ಟಿಸ್ ಅವಳ ಹಿತ್ತಲಿನ ಗುಡಿಸಲಿನಲ್ಲಿ ಬಾಡಿಗೆಗಿದ್ದ. ನಾನು ತಾಯಿ ಎಂದು ತಿಳಿದ ಮೇಲೂ ಅವಳು ವಿಷಯಕ್ಕೆ ಬರಲಿಲ್ಲ. ಮೊದಲು ನನಗೆ ಊಟ ಹಾಕಿದಳು. ಆಮೇಲೆ ನಿನ್ನ ಮಗನನ್ನು ಆಡಿಕೊಂಡಳು. “ಬಲು ಜುಗ್ಗ ಕಣಮ್ಮ ನಿನ್ನ ಮಗ. ಇಲ್ಲೇ ಹತ್ತಿರ ಪೋಚುತ್ಲಾದಲ್ಲೇ ಬ್ಯಾಂಕಿದೆ, ಒಹಾಕಕ್ಕೆ ಯಾಕೋ ಸಾಯ್ತೀಯ ಅಂದ್ರೆ, ನಮ್ಮಪ್ಪ ಬೈತಾರೆ ಅಂತಿದ್ದ. ನಿಮ್ಮಪ್ಪ ಎಲ್ಲಿಂದ ನೋಡ್ತಾನೋ ಅಂದ್ರೆ, ದಿನಾ ನೋಡ್ತಾರೆ ಅಂತಿದ್ದ” ಎಂದಳು. ಅದನ್ನು ಹೇಳುವಾಗ ನಗುತ್ತಿದ್ದವಳು, ಹೇಳಿ ಮುಗಿಸಿ ಸೆರಗಿನಂಥ ತನ್ನ ಹೊದಿಕೆಯಿಂದ ಮುಖ ಒರೆಸಿಕೊಂಡಳು.

ಒಹಾಕಕ್ಕೆ ಹೋಗಿ ಹಣ ತಂದ ವಾರವೇ ಅವನು ಮೀನುಗಾರರ ದೋಣಿಯಲ್ಲಿ ಹೋದ. ದೋಣಿ ಮಗುಚಿತು. ಈಜು ಬರುವವರು ದಡ ಸೇರಿದರು. ಕರ್ಟಿಸ್‌ಗೂ ಈಜು ಬರುತ್ತಿತ್ತು, ನೀನೇ ಕೆರೆಯಲ್ಲಿ ಕಲಿಸಿದ್ದೆ. ಈ ಸಮುದ್ರ ಬೇರೆ ಥರ. ಪಾಸ್‌ಪೋರ್ಟು, ನಗದು ಎಲ್ಲ ಸೊಂಟದ ಚೀಲದಲ್ಲಿತ್ತಂತೆ, ಆ ಚೀಲ ಸಿಗಲಿಲ್ಲ. ಅವನು ಸಿಕ್ಕಿದ. ಗುರುತು ಸಿಗುವಂತಿರಲಿಲ್ಲ, ಆದರೆ ಬಲಗಾಲಿನ ಎರಡು ಬೆರಳು ಅಂಟಿಕೊಂಡಿದ್ದವು ಎಂದಳು. ನಿನ್ನವು ಅಂಟಿಕೊಂಡಿರುವ ಹಾಗೆಯೇ. ಅದಾದ ಮೇಲೆ ನಾನು ಏನನ್ನೂ ಕೇಳಲಿಲ್ಲ.

ಊರವರೇ ಮಣ್ಣು ಮಾಡಿದ್ದಾರೆ. ಯಾರೋ ವಿದೇಶದವನು ಎಂದು ಕಚೇರಿಗೆ ತಿಳಿಸಿದರಂತೆ, ಆ ಕಾಗದ ಯಾವ ಮೇಜಿನ ಮೇಲೆ ಕೂತಿತೋ. ಮರದ ಶಿಲುಬೆ ನೆಟ್ಟು, ಸತ್ತವರ ಹಬ್ಬದಲ್ಲಿ ತಮ್ಮವರಿಗೆ ಇಡುವ ಹಾಗೆ ಅವನಿಗೂ ಎರಡು ವರ್ಷ ಹೂವು, ರೊಟ್ಟಿ ಇಟ್ಟಿದ್ದಾಳೆ ಈ ಯೂಸ್ತೋಲಿಯಾ. ನಾನು ಅವಳ ಕಾಲು ಹಿಡಿದೆ ಲಾಯ್ಡ್. ಚರ್ಚಿನಲ್ಲೂ ಮಂಡಿಯೂರಲು ಹಿಂದೆಮುಂದೆ ನೋಡುವವಳು ನಾನು.

ಹೋದ ಮಳೆಗಾಲಕ್ಕೆ ಗುಡಿಸಲಿನ ಗರಿ ಬದಲಿಸುವಾಗ ಸೂರಿನ ಸಂದಿಯಲ್ಲಿ ಅವನ ಕಾರ್ಡು ಸಿಕ್ಕಿತಂತೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸಿಕ್ಕಿಸಿದ್ದ. ಎಲ್ಲಿಗೆ ಕಳಿಸುವುದೋ ತಿಳಿಯದೆ ಅವಳು ತನ್ನ ದೇವರ ಪಟದ ಹಿಂದೆ ಇಟ್ಟಿದ್ದಳು. ನನ್ನ ಕೈಗೆ ಕೊಟ್ಟಳು. ಕತ್ತರಿ ಹಿಡಿದು ಕುಳಿತೆ, ಅವನ ಹೆಸರಿನ ಮೇಲೆ ಕತ್ತರಿ ಆಡಿಸಲು ಆಗಲಿಲ್ಲ. ಖಾತೆ ಮುಚ್ಚುವ ಕಾಗದಕ್ಕೆ ನೀನು ಸಹಿ ಕೇಳಿ ಕಳಿಸಿದ್ದೆ, ನಾನು ಬೈಯುತ್ತಲೇ ಸಹಿ ಹಾಕಿ ಕಳಿಸಿದ್ದೆ. ಮುಚ್ಚಿರುತ್ತೀಯ ಎಂದುಕೊಂಡೆ. ಸತ್ತ ಖಾತೆಯ ಕಾರ್ಡನ್ನು ಯಂತ್ರವೇ ನುಂಗಿಬಿಡುತ್ತದಲ್ಲ, ನುಂಗಲಿ ಎಂದು ಪೋಚುತ್ಲಾದ ಬ್ಯಾಂಕಿಗೆ ಹೋಗಿ ಹಾಕಿದೆ.

ಅದು ನುಂಗಲಿಲ್ಲ. ಪಿನ್ ಕೇಳಿತು. ಮನೆಯವರಿಗೆಲ್ಲ ನೀನು ಇಟ್ಟುಕೊಟ್ಟದ್ದು ಒಂದೇ ಪಿನ್ ತಾನೆ, ಒತ್ತಿದೆ. ಎಷ್ಟು ಬೇಕು ಎಂದಿತು. ಹಿಂದೆ ಜನ ನಿಂತಿದ್ದರು, ಏನೋ ಒಂದು ಒತ್ತಿದೆ. ನಮ್ಮ ದರಕ್ಕೆ ಒಪ್ಪಿಗೆಯೇ ಎಂದಿತು. ಬೇಡ ಎಂದು ಒತ್ತಿದೆ. ಯೋಚಿಸಿ ಒತ್ತಿದ್ದಲ್ಲ ಲಾಯ್ಡ್. ನಿನ್ನ ಜೊತೆ ಇಷ್ಟು ವರ್ಷ ಬಾಳಿದ ಕೈ ಇದು, ಅದಕ್ಕೆ ಬೇರೆ ಗೊತ್ತಿಲ್ಲ. ನಿನ್ನ ಮಗ ಮಾತ್ರ ಹಾಗೆ ಒತ್ತಬಲ್ಲ ಎಂದುಕೊಂಡೆಯಲ್ಲ, ನನ್ನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ ನೀನು.

ನೋಟು ಹೊರಗೆ ಬಂದಾಗ ತಿಳಿಯಿತು, ಖಾತೆ ಮುಚ್ಚಿಲ್ಲ ಎಂದು. ನನ್ನ ಸಹಿ ಕೈಯಲ್ಲಿಟ್ಟುಕೊಂಡೂ ನೀನು ಬ್ಯಾಂಕಿಗೆ ಹೋಗಿರಲಿಲ್ಲ. ಅಲ್ಲೇ ಗೋಡೆ ಹಿಡಿದು ನಿಂತು ಅತ್ತೆ. ದಿನಾ ಬೆಳಗ್ಗೆ ನೀನು ಲೆಕ್ಕ ನೋಡುತ್ತ ಕೂತಿರುತ್ತೀಯ ಎನ್ನುವುದು ಆಗ ನನ್ನ ತಲೆಗೆ ಬರಲಿಲ್ಲ. ಬಂದಿದ್ದರೆ ಆ ‘ಬೇಡ’ ಒತ್ತುತ್ತಿರಲಿಲ್ಲ, ನಿನ್ನ ಆಸೆಗೆ ಹೀಗೆ ಕಿಚ್ಚು ಹಚ್ಚುತ್ತಿರಲಿಲ್ಲ. ಆ ಹಣ ಅವನು ದುಡಿದು ಇಟ್ಟದ್ದು, ಕಲ್ಲು ಕೆತ್ತುವವನಿಗೆ ಕೊಟ್ಟೆ. ಮರದ ಶಿಲುಬೆಗೆ ಗೆದ್ದಲು ಹತ್ತಿದೆ.

ಇನ್ನೊಂದು ಮಾತು, ಇದನ್ನು ಹೇಳದೆ ಕಾಗದ ಮುಗಿಸಲಾರೆ. ನಿನ್ನ ಉಪದೇಶದಿಂದ ಅವನು ಸತ್ತನೆಂದು ನಾನು ಬಾಯಿಬಿಟ್ಟು ಹೇಳದಿದ್ದರೂ ಅದನ್ನೇ ಹೇಳಿ ಮನೆ ಬಿಟ್ಟೆ. ಅವನು ವಾರಕ್ಕೊಮ್ಮೆ ಹಣ ತೆಗೆಯುವವನಾಗಿದ್ದರೂ ಆ ವಾರವೇ ಹೋಗುತ್ತಿದ್ದ. ನಮಗೆ ಬೇಗ ತಿಳಿಯುತ್ತಿತ್ತು, ಅಷ್ಟೇ. ಮುಳುಗುವವನನ್ನು ಎತ್ತಲು ನಾವು ಯಾರೂ ಅಲ್ಲಿರಲಿಲ್ಲ. ಮತ್ತೆ, ಅವನು ಎಲ್ಲಿದ್ದಾನೆ ಎಂದು ನನಗೆ ದಾರಿ ತೋರಿಸಿದ್ದೂ ನಿನ್ನ ಆ ಹಾಳು ಉಪದೇಶವೇ.

ಪಾಸ್‌ಪೋರ್ಟು ಬಂದ ಮೇಲೆ ಬಾ. ಕಲ್ಲಿನ ಮೇಲೆ ಹೆಸರು ಬರೆಸಬೇಕು, ಒಬ್ಬಳೇ ಬರೆಸಲಾರೆ. ನೀನು ಬರುವವರೆಗೆ ನಾನು ಇಲ್ಲಿಂದ ಕದಲುವುದಿಲ್ಲ. ಅಕ್ಕಪಕ್ಕದವರಿಗೆ ನೀನೇ ಹೇಳಬೇಡ, ಅದನ್ನು ಆರ್ಲೀನಳಿಗೆ ಬಿಡು.

ಇನ್ನೂ ನಿನ್ನವಳೇ,
ಡೋರೀನ್

ತಾ.ಕ.: ಫೋನು ಯಾಕೆ ಮಾಡಲಿಲ್ಲ ಎಂದು ಕೇಳುತ್ತೀಯ. ಸಂಖ್ಯೆ ಒತ್ತಿ ಒತ್ತಿ ಇಟ್ಟೆ. ಹೇಳಿದ್ದರೆ ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತಿತ್ತು. ಇಲ್ಲಿಯ ಅಂಚೆ ನಿಧಾನ, ಕಾಗದ ಥಂಡರ್ ಬೇ ಮುಟ್ಟಲು ಎರಡು ವಾರವಾದರೂ ಹಿಡಿಯುತ್ತದೆ ಎಂದು ಅಂಚೆಯವನು ಹೇಳಿದ, ಬೇಗ ಹೋಗುವುದು ಬೇಕೇ ಎಂದೂ ಕೇಳಿದ. ಬೇಡ ಎಂದೆ. ನನ್ನ ಪಾಲಿಗೆ ಅವನು ಯೂಸ್ತೋಲಿಯಾಳ ಅಂಗಳದಲ್ಲೇ ಸತ್ತ. ಇನ್ನೆರಡು ವಾರವಾದರೂ ನಿನ್ನ ಪಾಲಿಗೆ ಅವನು ಬದುಕಿರಲಿ ಎಂದು ಹಾಗೆ ಮಾಡಿದೆ. ತಪ್ಪಾಗಿದ್ದರೆ ಬಂದು ಬೈ.