ಒಣಗಿದ ಬಟ್ಟೆ

ಫೆಬ್ರವರಿ 20, ಗುರುವಾರ ಸಂಜೆ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರ.

ನಿನ್ನ ಪತ್ರ ಬಂದು ಆರು ವಾರವಾಯಿತು. ಅಡುಗೆಮನೆಯ ಸಕ್ಕರೆ ಡಬ್ಬಿಯ ಕೆಳಗೆ ಕೂತು ಅದು ದಿನಾ ನನ್ನನ್ನು ನೋಡುತ್ತಿತ್ತು, ನಾನೂ ಅದನ್ನು ನೋಡುತ್ತಿದ್ದೆ. ತಡವಾದದ್ದಕ್ಕೆ ಕ್ಷಮಿಸು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ರೇಗುತ್ತೇನೆ, ಆಮೇಲೆ ಇಬ್ಬರೂ ಭಾವನ ಆರೋಗ್ಯದ ಮಾತಾಡಿ ಇಟ್ಟುಬಿಡುತ್ತೇವೆ. ಕಾಗದವಾದರೆ ನೀನು ಕೊನೆಯವರೆಗೂ ಸುಮ್ಮನೆ ಓದಲೇಬೇಕು.

ಇಲ್ಲಿ ಎಲ್ಲರೂ ಕ್ಷೇಮ. ಇವರಿಗೆ ಪ್ರೆಸ್ಸಿನಲ್ಲಿ ಈಗ ಹಗಲು ಪಾಳಿ. ಇಪ್ಪತ್ತು ವರ್ಷ ಮಸಿಯ ನಡುವೆ ನಿಂತು ನಿಂತು ಇವರ ಮೂಗು ಕನ್ನಡಕ ನಿಲ್ಲಿಸುವುದಕ್ಕೆ ಮಾತ್ರ ಉಳಿದಿದೆ. ಹೋದ ತಿಂಗಳು ಹಾಲು ಸೀದು ಮನೆಯೆಲ್ಲ ನಾರುತ್ತಿದ್ದರೂ ಒಲೆಯ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ಮಗಳು ಒಂಬತ್ತನೆಯ ತರಗತಿ. ನನ್ನೆತ್ತರಕ್ಕೆ ಬಂದಿದ್ದಾಳೆ, ಮೂಗಿನ ತುದಿಯ ಕೋಪವೂ ನನ್ನದೇ. ಬಲಗೈಯಲ್ಲಿ ಬರೆಯಲು ರೂಢಿ ಮಾಡಿಸಿ ಎಂದು ಭಾವ ಹೇಳಿದ್ದು ನಡೆಯಲಿಲ್ಲ. ಎಡಗೈಯಲ್ಲೇ ದುಂಡಗೆ ಬರೆಯುತ್ತಾಳೆ, ಸಂಜೆ ಬರುವಾಗ ಅಂಗೈ ಅಂಚೆಲ್ಲ ಶಾಯಿ.

ನಮ್ಮ ಸಮೀಕ್ಷೆ ಕಚೇರಿಗೆ ಈ ಸಲ ಬಂದಿರುವುದು ಶಾಲೆಗಳ ಕೆಲಸ. ಹದಿಮೂರರಿಂದ ಹದಿನೇಳರ ಮಕ್ಕಳು ಸಿಗರೇಟಿನ ಬಗ್ಗೆ ಏನೇನು ನಂಬಿದ್ದಾರೆ, ಅವರಲ್ಲಿ ಯಾರು ಸೇದಲು ಶುರುಮಾಡಬಹುದು ಎಂದು ತಿಳಿಯಬೇಕಂತೆ. ನಲವತ್ತು ಪ್ರಶ್ನೆ. ಹೆಸರು ಬರೆಯುವಂತಿಲ್ಲ. ಮೊದಲ ಪುಟದಲ್ಲಿ ‘ನಿನ್ನ ಪರಿಚಯದವರು ಯಾರೂ ಇದನ್ನು ಓದುವುದಿಲ್ಲ’ ಎಂದು ಒಂದು ಸಾಲಿದೆ, ಅದನ್ನು ಬರೆದುಕೊಟ್ಟವಳು ನಾನೇ. ಸ್ವಂತ ಮಕ್ಕಳು ಓದುವ ಶಾಲೆಗೆ ನಾವು ಹೋಗುವ ಹಾಗೂ ಇಲ್ಲ. ತುಂಬಿಸಿ ತಂದ ಹಾಳೆಗಳನ್ನೆಲ್ಲ ಕಚೇರಿಯಲ್ಲಿ ಕಲಸಿ ಮೇಜಿಗಿಷ್ಟು ಎಂದು ಹಂಚುತ್ತಾರೆ. ಉತ್ತರಗಳು ಒಂದಕ್ಕೊಂದು ತಾಳೆಯಾಗದ ಹಾಳೆಗಳನ್ನು ಆರಿಸಿ ಹೊರಗಿಡುವುದು ನನ್ನ ಕೆಲಸ. ತಮಾಷೆಗೆ ತುಂಬುವವರು ಇದ್ದೇ ಇರುತ್ತಾರೆ. ಒಬ್ಬ ಮಹಾಶಯ ದಿನಕ್ಕೆ ನಾನೂರು ಸೇದುತ್ತಾನಂತೆ. ಸುಳ್ಳು ಹಿಡಿಯುವುದರಲ್ಲಿ ನನ್ನದು ಎತ್ತಿದ ಕೈ ಎಂದು ಕಚೇರಿಯಲ್ಲಿ ಹೆಸರಿದೆ.

ಸಾವಿರಗಟ್ಟಲೆ ಹಾಳೆ ನೋಡಿದ ಮೇಲೆ ಒಂದು ವಿಷಯ ತಿಳಿಯಿತು. ಸೇದಿದರೆ ಕೇಡೇನು ಎಂದು ಕೇಳಿದರೆ ಎಲ್ಲರೂ ಪಾಠ ಒಪ್ಪಿಸುತ್ತಾರೆ. ಶ್ವಾಸಕೋಶ, ಹೃದಯ, ಹಲ್ಲು, ಯಾವುದನ್ನೂ ಬಿಡುವುದಿಲ್ಲ. ಸೇದುವವರೂ ಸೇದದವರೂ ಅದರಲ್ಲಿ ಒಂದೇ. ಲಾಭವೇನು ಎಂದು ಕೇಳಿದ ಕಡೆ ದಾರಿ ಬೇರೆಯಾಗುತ್ತದೆ. ದೊಡ್ಡವರ ಹಾಗೆ ಕಾಣುತ್ತೇವೆ, ದಪ್ಪಗಾಗುವುದಿಲ್ಲ, ಬೇಕೆಂದಾಗ ಬಿಟ್ಟುಬಿಡಬಹುದು ಎಂದೆಲ್ಲ ಗುರುತು ಹಾಕಿದವರ ಮುಂದಿನ ಪುಟದಲ್ಲಿ ಏನಿರುತ್ತದೆ ಎಂದು ತಿರುಗಿಸದೆಯೇ ಹೇಳಬಲ್ಲೆ. ನಿಮ್ಮ ವಯಸ್ಸಿನ ಹತ್ತು ಜನರಲ್ಲಿ ಎಷ್ಟು ಮಂದಿ ಸೇದುತ್ತಾರೆ ಎಂದರೆ ಆರು ಎನ್ನುತ್ತಾರೆ. ಅವರವರದೇ ಉತ್ತರ ಕೂಡಿಸಿದರೆ ಹತ್ತಕ್ಕೆ ಒಬ್ಬರೂ ನೆಟ್ಟಗೆ ಸಿಗುವುದಿಲ್ಲ. ಎಲ್ಲರೂ ಸೇದುತ್ತಾರೆ ಎಂದುಕೊಂಡೇ ಒಬ್ಬೊಬ್ಬರು ಶುರುಮಾಡುತ್ತಾರೆ.

ನಾನೇನು ಕಡಿಮೆ? ಹದಿನಾರರಲ್ಲಿ, ಟೈಪಿಂಗ್ ಕಲಿಸುತ್ತಿದ್ದ ಮೇಡಂ ಹಿಂದಿನ ಮೆಟ್ಟಿಲ ಮೇಲೆ ನಿಂತು ಸೇದುವುದನ್ನು ನೋಡಿ, ಹೀಗೆ ನಿಂತವಳನ್ನು ಯಾರೂ ಏನೂ ಕೇಳುವುದಿಲ್ಲ ಎಂದುಕೊಂಡು ನಾನೂ ಒಂದು ಹಚ್ಚಿದ್ದೆ. ನೀನು ಬಂದು ಕೇಳಿದೆ, ಕೆನ್ನೆಗೂ ಒಂದು ಬಿಟ್ಟೆ. ಒಂಬತ್ತು ವರ್ಷದ ಹಿಂದೆ ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಿನ್ನ ಕೈ ಹಿಡಿದು, ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟದ್ದೂ ನೆನಪಿದೆ.

ಹೋದ ಶುಕ್ರವಾರ ಒಂದು ಹಾಳೆ ಬಂತು. ಇದುವರೆಗೆ ಸೇದಿದ್ದೀಯಾ? ಇಲ್ಲ. ಸ್ನೇಹಿತರು ಕೊಟ್ಟರೆ? ಬೇಡ ಎನ್ನುತ್ತೇನೆ. ಸೇದುವವರು ಚೆನ್ನಾಗಿ ಕಾಣುತ್ತಾರೆಯೇ? ಇಲ್ಲ. ದೊಡ್ಡವರಾದ ಮೇಲೆ ಸೇದುತ್ತೀಯಾ? ಖಂಡಿತ ಹೌದು. ಇಂಥದನ್ನೇ ನಾವು ತಾಳೆಯಾಗದ ಹಾಳೆ ಎನ್ನುವುದು. ಕೊನೆಯ ಪುಟ ತಿರುಗಿಸದೆ ಹೊರಗಿಡುವ ಕಟ್ಟಿಗೆ ಹಾಕಿ ಸಹಿ ಮಾಡಿದೆ.

ಹೊರಗಿಡಲು ಇಬ್ಬರ ಸಹಿ ಬೇಕು. ಪಕ್ಕದ ಮೇಜಿನ ಹುಡುಗಿ ಎಲ್ಲದಕ್ಕೂ ಪುರಾವೆ ಕೇಳುತ್ತಾಳೆ, ಅದಕ್ಕೇ ನಾವು ಅವಳನ್ನು ವಕೀಲಮ್ಮ ಎನ್ನುವುದು. ಅವಳು ಸಹಿ ಹಾಕಲಿಲ್ಲ. ಕೊನೆಯ ಪುಟದಲ್ಲಿ ‘ಕಾರಣವಿದ್ದರೆ ಬರೆ’ ಎಂದು ಬಿಟ್ಟ ಜಾಗವನ್ನು ಓದಿ ಹೇಳಿದಳು. ‘ನಮ್ಮ ಮನೆಯಲ್ಲಿ ಒಬ್ಬರು ಸೇದುತ್ತಾರೆ. ಸೇದಿ ಬಂದ ಮೇಲೆ ಅರ್ಧ ಗಂಟೆ ಯಾರ ಮೇಲೂ ರೇಗುವುದಿಲ್ಲ. ಆಗ ತಲೆ ಸವರುತ್ತಾರೆ. ನನಗೂ ಕೋಪ ಜಾಸ್ತಿ. ನನಗೆ ಮಕ್ಕಳಾದ ಮೇಲೆ ನಾನೂ ಸೇದುತ್ತೇನೆ.’

“ಮೇಡಂ, ಇದು ತಮಾಷೆಗೆ ತುಂಬಿದ್ದಲ್ಲ. ಈ ಮಗು ತುಂಬಾ ಯೋಚನೆ ಮಾಡಿ ಬರ್ದಿದೆ” ಎಂದಳು.

ಹಾಳೆ ಇಸಿದುಕೊಂಡು ನಾನೂ ಓದಿದೆ. ಸೋಮವಾರ ಹೇಳುತ್ತೇನೆ ಎಂದು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಎರಡು ದಿನ ಅದೇ ಯೋಚನೆ. ಉಳಿದ ಮಕ್ಕಳ ನಂಬಿಕೆ ಸುಳ್ಳು, ಕೂರಿಸಿ ತಿದ್ದಿ ಹೇಳಬಹುದು. ಈ ಮಗು ನಂಬಿರುವುದು ಕಣ್ಣಾರೆ ಕಂಡದ್ದನ್ನು. ಅದಕ್ಕೆ ಯಾರು ಏನು ಹೇಳಬೇಕು? ಹೇಳಲು ಬಾಯಿ ತೆರೆಯುವಂತೆಯೂ ಇಲ್ಲ, ಯಾರೂ ಓದುವುದಿಲ್ಲ ಎಂದು ಬರೆದುಕೊಟ್ಟಾಗಿದೆ. ಈ ಮಗು ಮುಂದೊಂದು ದಿನ ಸೇದಲು ಶುರುಮಾಡುವುದು ಖಂಡಿತ, ಅಷ್ಟು ನನಗೆ ಗೊತ್ತು. ಹೊರಗಿಟ್ಟಿದ್ದರೆ ಹಾಳೆ ಚೂರು ಮಾಡುವ ಯಂತ್ರಕ್ಕೆ ಹೋಗುತ್ತಿತ್ತು, ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಸೋಮವಾರ ಬೆಳಿಗ್ಗೆ ನನ್ನ ಸಹಿ ಹೊಡೆದುಹಾಕಿ ಅದನ್ನು ಒಳ್ಳೆಯ ಕಟ್ಟಿಗೆ ಸೇರಿಸಿದೆ. ವಕೀಲಮ್ಮ ಏನೂ ಕೇಳಲಿಲ್ಲ. ಅವಳು ಕೇಳದೆ ಬಿಟ್ಟದ್ದು ಇದೇ ಮೊದಲು.

ಉಳಿದಂತೆ ವಿಶೇಷವಿಲ್ಲ. ನೀನು ಹೊಲಿಗೆ ಯಂತ್ರದ ಮುಂದೆ ಗಂಟೆಗಟ್ಟಲೆ ಕೂತು ಸೊಂಟ ಹಾಳುಮಾಡಿಕೊಳ್ಳಬೇಡ, ನಡುವೆ ಎದ್ದು ಓಡಾಡು. ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳಿಬ್ಬರೂ ಚೆನ್ನಾಗಿರಲಿ, ಕಿರಿಯವನಿಗೆ ಈ ಚಿಕ್ಕಮ್ಮನ ಕಡೆಯಿಂದ ಒಂದು ಗುದ್ದು, ಒಂದು ಮುತ್ತು. ನನ್ನ ಮಗಳ ಮೇಲೆ ನಿನ್ನ ಆಶೀರ್ವಾದವಿರಲಿ. ಪ್ರತಿ ಸಲವೂ ಹೀಗೇ ಬರೆಯುತ್ತೇನೆ, ಈ ಸಲ ನಿಜವಾಗಿಯೂ ಕೇಳುತ್ತಿದ್ದೇನೆ.

ಇತಿ,
ನೀನೇ ಹೆಸರಿಟ್ಟ ನಿನ್ನ ಸಿಡುಕಿ

ತಾ. ಕ.: ಅಕ್ಕ, ಆ ಹಾಳೆಯಲ್ಲಿದ್ದ ಒಂದು ಸಾಲನ್ನು ಮೇಲೆ ಬರೆಯದೆ ಬಿಟ್ಟೆ. ‘ಸೇದಬೇಕು ಅನಿಸಿದಾಗ ಅವರು ಒಣಗಿದ ಬಟ್ಟೆಯನ್ನೇ ಬಕೆಟ್ಟಿಗೆ ತುಂಬಿಕೊಂಡು ಮತ್ತೆ ಒಣಹಾಕಲು ಮಹಡಿಗೆ ಹೋಗುತ್ತಾರೆ.’ ದುಂಡನೆಯ ಅಕ್ಷರ, ಸಾಲಿನುದ್ದಕ್ಕೂ ಎಡಗೈ ಒರೆಸಿದ ಶಾಯಿ.

ನಾನು ಬಿಟ್ಟಿಲ್ಲ. ನಿನಗೆ ಮಾತು ಕೊಟ್ಟ ವಾರವೇ ಮತ್ತೆ ಶುರುಮಾಡಿದೆ. ಒಂಬತ್ತು ವರ್ಷದಿಂದ ನೀರಿನ ಟ್ಯಾಂಕಿನ ಹಿಂದೆ ನಿಂತು ಸೇದಿ, ಪೆಪ್ಪರಮಿಂಟ್ ಬಾಯಿಗೆ ಹಾಕಿಕೊಂಡು ಕೆಳಗಿಳಿಯುತ್ತೇನೆ. ಇವರ ಮೂಗನ್ನು ನಂಬಿಕೊಂಡು, ಮನೆಯಲ್ಲಿ ಇನ್ನೊಂದು ಮೂಗಿದೆ ಎನ್ನುವುದನ್ನೇ ಮರೆತಿದ್ದೆ.

ಶುಕ್ರವಾರದಿಂದ ಮುಟ್ಟಿಲ್ಲ. ಇವತ್ತಿಗೆ ಆರು ದಿನ. ಆರು ದಿನದಿಂದ ಮನೆಯಲ್ಲಿ ಕಂಡಕಂಡವರ ಮೇಲೆ ಹರಿಹಾಯುತ್ತಿದ್ದೇನೆ. ಇವತ್ತು ಈ ಕಾಗದ ಬರೆಯಲು ಕೂರುವ ಮೊದಲು, ಚಮಚ ಕೆಳಗೆ ಬೀಳಿಸಿದಳು ಎಂದು ಮಗಳಿಗೆ ಬಾಯಿಗೆ ಬಂದಂತೆ ಬೈದೆ. ಅವಳು ಚಮಚ ಎತ್ತಿಟ್ಟು ಬಚ್ಚಲಿಗೆ ಹೋಗಿ ಬಕೆಟ್ ತಂದು ನನ್ನ ಕಾಲ ಹತ್ತಿರ ಇಟ್ಟಳು. ಆಮೇಲೆ ಮೆಲ್ಲಗೆ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ, “ಅಮ್ಮಾ, ಮೇಲೆ ಹೋಗಿ ಬಟ್ಟೆ ಒಣಹಾಕಿ ಬಾ” ಎಂದಳು.

ಬಕೆಟ್ಟಿನಲ್ಲಿ ಒಂದು ಬಟ್ಟೆಯೂ ಇರಲಿಲ್ಲ. ಅದನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಇನ್ನೂ ಮೇಲೆ ಹೋಗಿಲ್ಲ.