ಎರಡು ಗೂಟಸಾಲುಗಳ ನಡುವಿನ ಹಿಮ

ಟಿರೋಲ್,
ಮಾರ್ಚ್ ೯

ಪ್ರಿಯ ವಿನ್ಸೆಂಟ್ಸ್,

ನಾವು ಬೇರೆಯಾಗಿ ಹನ್ನೊಂದು ವರ್ಷಕ್ಕೆ ನಿನ್ನ ಕಾಗದ ಬಂತು, ಅದೂ ಮಗಳನ್ನು ಮಣ್ಣು ಮಾಡಿದ ಮೇಲೆ. ನಾನು ಅವಳನ್ನು ಎಚ್ಚರಿಸಿದ್ದೆ ಎಂದು ಪೊಲೀಸರ ವರದಿಯಲ್ಲಿ ಓದಿದೆಯಂತೆ. ಅವಳು ಹಟಮಾರಿ, ಕೇಳಲಿಲ್ಲ, ನಿನ್ನ ತಪ್ಪಿಲ್ಲ ಎಂದು ಬರೆದಿದ್ದೀಯ. ಓದಿ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ.

ನಿನ್ನ ಬಳಿ ಬೆಳೆದ ಆಫ್ರಾ ರಜೆಗೆಂದು ಇಲ್ಲಿಗೆ ಬಂದ ದಿನದಿಂದಲೇ ನಮ್ಮಿಬ್ಬರಿಗೆ ಜಟಾಪಟಿ. ನಿನ್ನ ಕೊಲರಾಡೊದಲ್ಲಿ ಬೆಟ್ಟ ಹತ್ತಿಸುವ ಸ್ಕೀ ಲಿಫ್ಟಿನ ಸಾಲಿನಲ್ಲಿ ಯಾರೂ ನುಗ್ಗುವುದಿಲ್ಲವಂತೆ, ನಾವು ಮೊಣಕೈಯಲ್ಲಿ ತಿವಿಯುತ್ತೇವಂತೆ. ಜೂನ್‌ನಲ್ಲಿ, ಅಲ್ಲಿನ ಚಳಿಗಾಲಕ್ಕೆ, ನೀನು ಕರೆದುಕೊಂಡು ಹೋದ ಚಿಲಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಯಾದರೂ ಇಳಿಜಾರು ಖಾಲಿ ಇರುತ್ತಿತ್ತಂತೆ. ನಾವು ಬೆಟ್ಟದ ಮೇಲೆ ಎರಡು ತಾಸು ಊಟಕ್ಕೆ ಕೂತಿದ್ದನ್ನು ಕಂಡು, "ನೀವು ಸ್ಕೀ ಮಾಡೋಕೆ ಬರ್ತೀರೋ, ಉಣ್ಣೋಕೋ?" ಎಂದು ನಕ್ಕಿದ್ದಳು.

ಆ ಬೆಳಿಗ್ಗೆ ಲಿಫ್ಟಿನಲ್ಲಿ ಪಕ್ಕ ಕೂತು ಹೇಳಿದಳು: "ಅಮ್ಮಾ, ಅಲ್ಲಿ ಬೆಟ್ಟದ ಸುತ್ತ ಹಗ್ಗ ಕಟ್ಟಿರ್ತಾರೆ. ಒಳಗೆ ಎಲ್ಲಿ ಬೇಕಾದ್ರೂ ಇಳೀಬಹುದು. ನಾವು ಬರೋ ಮೊದ್ಲೇ ಮದ್ದು ಸಿಡ್ಸಿ ಸಡಿಲ ಹಿಮ ಬೀಳ್ಸಿರ್ತಾರೆ. ನೀವು ನಾಲ್ಕು ಗೂಟ ನೆಟ್ಟು ಕೈತೊಳ್ಕೋತೀರಾ?"

ಹತ್ತು ವರ್ಷದಿಂದ ಇಳಿಯುವ ದಾರಿಯ ಎರಡೂ ಅಂಚಿಗೆ ಆ ಗೂಟ ನೆಡುತ್ತಿರುವವಳು ನಾನು. ಮೈಯೆಲ್ಲ ಉರಿಯಿತು. "ಇಲ್ಲಿನವ್ರಿಗೆ ತಲೇಲಿ ಬುದ್ಧಿ ಇದೆ, ಹಗ್ಗ ಬೇಡ" ಎಂದೆ. ನಾನು ಆಡಿದ್ದು ಅಷ್ಟೇ. ಎಚ್ಚರಿಸಿದ್ದೆ ಎಂದು ಪೊಲೀಸರಿಗೆ ಬರೆಸಿದ್ದು ಸುಳ್ಳು.

ನಾವು ಕಾಯುವುದು ಗೂಟಗಳ ನಡುವಿನ ದಾರಿಯನ್ನು ಮಾತ್ರ. ಒಂದು ದಾರಿಗೂ ಇನ್ನೊಂದಕ್ಕೂ ನಡುವೆ ಬಿದ್ದಿರುವ ಹಿಮ ಯಾರ ಹೊಣೆಯೂ ಅಲ್ಲ. ಇದು ಇಲ್ಲಿನ ಪುಟ್ಟ ಮಕ್ಕಳಿಗೂ ಗೊತ್ತು. ಅವಳಿಗೆ ಗೊತ್ತಿರಲಿಲ್ಲ. ಎರಡೂ ಬದಿಯಲ್ಲಿ ಜನ ಇಳಿಯುತ್ತಿದ್ದರು, ಅವಳ ಪಾಲಿಗೆ ಅದೆಲ್ಲ ಹಗ್ಗದ ಒಳಗಿನ ಜಾಗವೇ. ನಡುವಿಗೆ ಇಳಿದಳು. ಹಿಮ ಬಿರಿದ ಸದ್ದು ನನಗೆ ಕೇಳಿಸಿತು, ಇಳಿಜಾರೇ ಕುಸಿದು ಅವಳನ್ನು ಮುಚ್ಚಿತು. ನಲವತ್ತು ನಿಮಿಷ ಅಗೆದೆವು. ಮೊದಲು ಸಿಕ್ಕಿದ್ದು ಅವಳ ಕೈಗವಸು.

ಅವಳನ್ನು ಹಟಮಾರಿ ಎನ್ನಬೇಡ, ವಿನ್ಸೆಂಟ್ಸ್. ನೀನು ಕಲಿಸಿದ ನಿಯಮವನ್ನು ಅವಳು ಮೀರಲೇ ಇಲ್ಲ.

ನಿನ್ನ ಕ್ಷಮೆ ಕೇಳುವ ಧೈರ್ಯವಿಲ್ಲದ,
ಬುರ್ಗಲ್

ತಾ.ಕ.: ಇದೊಂದನ್ನು ಹೇಳದೆ ಕಾಗದ ಮುಚ್ಚಿದರೆ ಇನ್ನೆಂದೂ ಹೇಳಲಾರೆ. ನಿನ್ನ ಜೊತೆ ಮೂರು ಚಳಿಗಾಲ ಕೊಲರಾಡೊದ ಬೆಟ್ಟದಲ್ಲಿ ಇದೇ ಕೆಲಸ ಮಾಡಿದವಳು ನಾನು, ಎರಡೂ ಕಡೆಯ ಪದ್ಧತಿ ಬಲ್ಲೆ. ಲಿಫ್ಟಿನಿಂದ ಇಳಿದ ಮೇಲೆ ಅವಳು ಸ್ಕೀ ಕೋಲಿನಿಂದ ಆ ನಡುವಿನ ಜಾಗ ತೋರಿಸಿ, "ಅಮ್ಮಾ, ಇಲ್ಲಿ ಇಳೀಬಹುದಲ್ವಾ?" ಎಂದು ಎರಡು ಸಲ ಕೇಳಿದಳು. ನಾನು ಇನ್ನೂ ಮುನಿಸಿನಲ್ಲಿದ್ದೆ. ಕೇಳಿಸದವಳಂತೆ ಬೆನ್ನು ತಿರುಗಿಸಿ ಹೋದೆ.